ಗಾಜಿನ ಕೆರೆಗೆ ಗಡುವು ಹಾಕಬಹುದೆ?

ನಂಜನಗೂಡು ತಾಲ್ಲೂಕಿನಲ್ಲಿ ಬಿಳಿಗೆರೆ ಎಂಬ ಊರಿದೆ. ಹೋಬಳಿಯ ಹೆಸರೂ ಅದೇ. ಬಿಳಿ ಮತ್ತು ಕೆರೆ ಎಂಬ ಎರಡು ಪದಗಳು ಕೂಡಿ, ಕಕಾರ ಗಕಾರವಾಗಿ ಹುಟ್ಟಿದ ಹೆಸರು. ಅದೇ ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನಲ್ಲಿ ಸಂಧಿಯಾಗದೆ ಉಳಿದ ಬಿಳಿಕೆರೆಯೂ ಇದೆ. ಹಳೆಯ ಮೈಸೂರಿನ ಎಷ್ಟೋ ಊರುಗಳ ಹೆಸರಿನಲ್ಲಿ ಹೀಗೆ ಕೆರೆಯೊಂದು ಸೇರಿಕೊಂಡಿರುತ್ತದೆ. ಕೆರೆಯ ಜೊತೆ ಬಾಳಿದ ಜನಕ್ಕೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಏರಿ ಹಾಕಿ ತೂಬು ಕೂರಿಸಿದ ಮಾತ್ರಕ್ಕೆ ಕೆರೆ ಕೆರೆಯಾಗುವುದಿಲ್ಲ. ಮಳೆಯ ನೀರು ನಿಂತು, ಹೂಳು ತಳಕ್ಕಿಳಿದು, ಪಾಚಿ ಕಟ್ಟಿ, ಜೊಂಡು ಬೆಳೆದು, ಹುಳು ಹುಪ್ಪಟೆ ಸೇರಿ, ಆಮೇಲೆ ಮೀನು ನೆಲೆಸಬೇಕು. ಅದಕ್ಕೆ ಕೆಲವು ಮಳೆಗಾಲಗಳೇ ಬೇಕು.

ಮನೆಯ ಹಜಾರದಲ್ಲಿಡುವ ಮೀನಿನ ತೊಟ್ಟಿಯೂ ಒಂದು ಸಣ್ಣ ಕೆರೆಯೇ. ಆದರೆ ಅದನ್ನು ಕಟ್ಟುವುದನ್ನು ಜಗತ್ತಿಗೆ ತೋರಿಸಿದ ಟಿ.ವಿ. ಕಾರ್ಯಕ್ರಮಗಳಲ್ಲಿ ಈ ಕಾಯುವ ಭಾಗವೇ ಮಾಯವಾಗಿತ್ತು. ಮೀನು ಸಾಕುವ ಹವ್ಯಾಸಿಗಳಿಗೂ ಆ ಕಾರ್ಯಕ್ರಮಗಳಿಗೂ ನಡುವೆ ಇರುವ ಜಗಳದ ಮೂಲ ಇದು. ಮೇಲ್ನೋಟಕ್ಕೆ ಸಣ್ಣ ಜಗಳ. ಒಳಹೊಕ್ಕು ನೋಡಿದರೆ, ಜೀವ ಇರುವ ವಸ್ತುವನ್ನು ಪ್ರದರ್ಶನದ ವಸ್ತುವಾಗಿಸಿದಾಗ ಏನಾಗುತ್ತದೆ ಎಂಬ ಪ್ರಶ್ನೆ ಅದರಲ್ಲಿದೆ.

ಭಾವ–ಮೈದುನರ ಕಾರ್ಖಾನೆ

ಈ ಬಗೆಯ ಕಾರ್ಯಕ್ರಮಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ‘ಟ್ಯಾಂಕ್ಡ್’. ಅನಿಮಲ್ ಪ್ಲಾನೆಟ್ ವಾಹಿನಿಯಲ್ಲಿ 2011ರ ಆಗಸ್ಟ್‌ನಲ್ಲಿ ಆರಂಭವಾಗಿ 2018ರ ಡಿಸೆಂಬರ್‌ವರೆಗೆ ನಡೆಯಿತು. ಅಮೆರಿಕದ ಲಾಸ್ ವೇಗಾಸ್‌ನಲ್ಲಿ ಅಕ್ರಿಲಿಕ್ ತೊಟ್ಟಿ ತಯಾರಿಸುವ ಕಾರ್ಖಾನೆ. ಅದನ್ನು ನಡೆಸುತ್ತಿದ್ದವರು ವೇಯ್ಡ್ ಕಿಂಗ್ ಮತ್ತು ಬ್ರೆಟ್ ರೇಮರ್ ಎಂಬ ಭಾವ–ಮೈದುನರು. ಇಬ್ಬರ ನಡುವಿನ ಕೀಟಲೆ, ತಗಾದೆಗಳೂ ಕಾರ್ಯಕ್ರಮದ ಭಾಗವೇ ಆಗಿದ್ದವು. ಟೆಲಿಫೋನ್ ಬೂತಿನ ಆಕಾರದ ತೊಟ್ಟಿ, ಬಾಸ್ಕೆಟ್‌ಬಾಲ್ ಆಟಗಾರ ಶಾಕಿಲ್ ಓನೀಲ್‌ಗಾಗಿ ಲಾರಿಯ ಆಕಾರದ ತೊಟ್ಟಿ, ಹೀಗೆ ವಾರಕ್ಕೊಂದು ವಿಚಿತ್ರ. ಇದರ ಹಿಂದೆಯೇ 2012ರಲ್ಲಿ ನ್ಯಾಟ್ ಜಿಯೋ ವೈಲ್ಡ್ ವಾಹಿನಿ ಫ್ಲಾರಿಡಾದ ತೊಟ್ಟಿಗಾರರನ್ನು ಕುರಿತು ‘ಫಿಶ್ ಟ್ಯಾಂಕ್ ಕಿಂಗ್ಸ್’ ತಂದಿತು.

ಇಂಥ ಪ್ರತಿಯೊಂದು ಕಂತಿಗೂ ಒಂದೇ ಅಚ್ಚು. ಗಿರಾಕಿ ಬಂದು ಬಯಕೆ ಹೇಳುತ್ತಾನೆ. ಕುಶಲಕರ್ಮಿಗಳು ತಲೆ ಕೆರೆದುಕೊಳ್ಳುತ್ತಾರೆ. ಗಡುವು ಹತ್ತಿರವಾಗುತ್ತದೆ, ಏನೋ ಕೆಡುತ್ತದೆ, ಕೂಗಾಟವಾಗುತ್ತದೆ. ಕೊನೆಯಲ್ಲಿ ಪರದೆ ಸರಿಯುತ್ತದೆ. ಥಳಥಳಿಸುವ ನೀರಿನಲ್ಲಿ ಹತ್ತಾರು ಬಣ್ಣದ ಮೀನು. ಗಿರಾಕಿ ಬಾಯಿಗೆ ಕೈಯಿಟ್ಟು ನಿಲ್ಲುತ್ತಾನೆ. ಹಳೆಯ ಮನೆಯನ್ನು ಹೊಸದು ಮಾಡುವ, ಲಟಾರಿ ಕಾರನ್ನು ಸಿಂಗರಿಸುವ ಕಾರ್ಯಕ್ರಮಗಳಿಗೂ ಇದೇ ಅಚ್ಚು. ‘ಹಳ್ಳಿ ಹೈದ ಪ್ಯಾಟೆಗ್ ಬಂದ’ದಿಂದ ‘ಬಿಗ್ ಬಾಸ್’ವರೆಗೆ ರಿಯಾಲಿಟಿ ಷೋಗಳನ್ನು ನೋಡಿ ಪಳಗಿದ ಕನ್ನಡದ ವೀಕ್ಷಕರಿಗೂ ಈ ಗಡುವು, ಈ ಕಣ್ಣೀರು, ಈ ಅನಾವರಣ ಹೊಸದೇನಲ್ಲ. ಆದರೆ ಮನೆ, ಕಾರುಗಳಿಗೂ ಮೀನಿನ ತೊಟ್ಟಿಗೂ ಒಂದು ವ್ಯತ್ಯಾಸವಿದೆ. ಬಣ್ಣ ಬಳಿದ ಮನೆ ಮುಗಿದ ಮನೆ. ಮೀನು ಬಿಟ್ಟ ತೊಟ್ಟಿ ಆಗಷ್ಟೇ ಶುರುವಾದ ತೊಟ್ಟಿ.

ತೂಕ ಮತ್ತು ಒತ್ತಡ

ಹವ್ಯಾಸಿಗಳೆಲ್ಲ ಈ ಕಾರ್ಯಕ್ರಮಗಳನ್ನು ದ್ವೇಷಿಸುತ್ತಾರೆ ಎಂದರೆ ತಪ್ಪಾದೀತು. ಅವರಲ್ಲಿ ಅನೇಕರು ಮೆಚ್ಚುವ ಭಾಗವೂ ಉಂಟು. ಅದು ತೊಟ್ಟಿ ಕಟ್ಟುವ ಕಸುಬು. ನೀರು ಎಷ್ಟು ಭಾರ ಎಂಬುದು ತೊಟ್ಟಿ ಕೊಳ್ಳುವವರಿಗೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಒಂದು ಲೀಟರಿಗೆ ಒಂದು ಕಿಲೋ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಸಾಧಾರಣ ತೊಟ್ಟಿಯಲ್ಲಿ ಸುಮಾರು 255 ಲೀಟರು ನೀರು ಹಿಡಿಯುತ್ತದೆ. ಗಾಜು, ಮರಳು, ಕಲ್ಲು ಸೇರಿಸಿದರೆ ಮೂರು ಕ್ವಿಂಟಲ್ ದಾಟುತ್ತದೆ. ಟಿ.ವಿ. ಇಡುವ ಮರದ ಮೇಜು ಇದನ್ನು ತಡೆಯಲಾರದು.

ಗಾಜಿನ ದಪ್ಪವನ್ನು ನಿರ್ಧರಿಸುವುದರಲ್ಲಿ ಮುಖ್ಯವಾದುದು ನೀರಿನ ಆಳ. ಒತ್ತಡ ಆಳದ ಜೊತೆ ಏರುತ್ತದೆ. ತೊಟ್ಟಿ ಹಿಂದಕ್ಕೆ ಎಷ್ಟು ಅಗಲವಿದೆ ಎಂಬುದನ್ನು ಅದು ಲೆಕ್ಕಿಸದು. ನಾಲ್ಕು ಅಡಿ ಉದ್ದ, ಎರಡಡಿ ಎತ್ತರದ ಗಾಜಿನ ಮೇಲೆ ತುಂಬಿದ ನೀರು ಸುಮಾರು 220 ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ಒತ್ತುತ್ತಿರುತ್ತದೆ. ಕೆರೆ ಏರಿಯ ಬುಡ ಅಗಲವಾಗಿ, ತಲೆ ಕಿರಿದಾಗಿ ಇರುವುದೂ ಇದೇ ಲೆಕ್ಕದಿಂದ. ನಮ್ಮ ಒಡ್ಡರು ಸೂತ್ರ ಬರೆಯದೆ ಬಲ್ಲ ಲೆಕ್ಕ ಅದು. ದೊಡ್ಡ ತೊಟ್ಟಿಗಳಿಗೆ ಗಾಜಿನ ಬದಲು ಅಕ್ರಿಲಿಕ್ ಬಳಸುವುದಕ್ಕೂ ಕಾರಣವಿದೆ. ಅದರ ತೂಕ ಗಾಜಿನ ಅರ್ಧಕ್ಕಿಂತ ಕಡಿಮೆ. ಪೆಟ್ಟಿಗೆ ಬೇಗ ಒಡೆಯದು, ಬೇಕಾದಂತೆ ಬಾಗುತ್ತದೆ. ಆದರೆ ಬೇಗ ಗೀರು ಬೀಳುತ್ತದೆ.

ಇಷ್ಟೆಲ್ಲ ಎಚ್ಚರವಿದ್ದರೂ ನೀರು ಕೈಕೊಡುವುದುಂಟು. ಬರ್ಲಿನ್ ನಗರದ ಹೋಟೆಲೊಂದರ ಅಂಗಳದಲ್ಲಿದ್ದ ಅಕ್ವಾಡೋಮ್ ಎಂಬ ಅಕ್ರಿಲಿಕ್ ಕೊಳವೆ ತೊಟ್ಟಿ 2022ರ ಡಿಸೆಂಬರ್ 16ರ ನಸುಕಿನಲ್ಲಿ ಸಿಡಿಯಿತು. ಹತ್ತು ಲಕ್ಷ ಲೀಟರು ನೀರು ಬೀದಿಗೆ ನುಗ್ಗಿತು. ಅದರಲ್ಲಿದ್ದ ಸುಮಾರು 1,500 ಮೀನುಗಳಲ್ಲಿ ಹೆಚ್ಚಿನವು ಸತ್ತವು. ಆದ್ದರಿಂದ ಟಿ.ವಿ. ಕಾರ್ಯಕ್ರಮ ಈ ಕಸುಬಿನ ಗಾಂಭೀರ್ಯವನ್ನು ಜನರ ಮುಂದಿಟ್ಟಿತು ಎಂಬ ಮೆಚ್ಚುಗೆ ನ್ಯಾಯವಾದದ್ದೇ. ಎಷ್ಟೋ ಮಕ್ಕಳು ಅದನ್ನು ನೋಡಿಯೇ ಮೀನು ಸಾಕುವ ಆಸೆ ಹಚ್ಚಿಕೊಂಡರು ಎಂಬುದನ್ನೂ ಹವ್ಯಾಸಿಗಳು ಒಪ್ಪುತ್ತಾರೆ. ಜಗಳ ಶುರುವಾಗುವುದು ಆಮೇಲೆ, ನೀರು ತುಂಬಿದ ಮೇಲೆ.

ಕಾಣದ ಆರು ವಾರ

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾ ವಿಸರ್ಜಿಸುತ್ತದೆ. ತಿನ್ನದೆ ಬಿಟ್ಟ ಆಹಾರ ಕೊಳೆತಾಗಲೂ ಅಮೋನಿಯಾ ಹುಟ್ಟುತ್ತದೆ. ಹೊಳೆಯಲ್ಲಿ ಅದು ಹರಿದುಹೋಗುತ್ತದೆ. ತೊಟ್ಟಿಯಲ್ಲಿ ಅಲ್ಲೇ ಉಳಿದು, ಮೀನಿಗೆ ತನ್ನ ಕೊಳೆಯೇ ವಿಷವಾಗುತ್ತದೆ. ಇದಕ್ಕೆ ಪರಿಹಾರ ಪ್ರಕೃತಿಯಲ್ಲೇ ಇದೆ. ಒಂದು ಜಾತಿಯ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡುತ್ತವೆ. ಇದು ಹೆಚ್ಚು ಅಪಾಯಕಾರಿಯಲ್ಲ, ಗಿಡಗಳಿಗೆ ಆಹಾರ. ಆಗಾಗ ಸ್ವಲ್ಪ ನೀರು ಬದಲಿಸಿದರೆ ಉಳಿದದ್ದೂ ಹೋಗುತ್ತದೆ. ಈ ಸೂಕ್ಷ್ಮಜೀವಿಗಳ ಕೆಲಸವನ್ನು ರಷ್ಯಾದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್ಸ್ಕಿ 1890ರ ಸುಮಾರಿಗೆ ಮಣ್ಣಿನಲ್ಲಿ ಗುರುತಿಸಿದ.

ನಮ್ಮ ರೈತರಿಗೆ ಇದನ್ನು ಬೇರೆ ಮಾತಿನಲ್ಲಿ ಹೇಳಬಹುದು. ಹಸಿ ಸಗಣಿಯನ್ನು ನೇರವಾಗಿ ಗಿಡದ ಬುಡಕ್ಕೆ ಹಾಕಿದರೆ ಗಿಡ ಸುಡುತ್ತದೆ. ತಿಪ್ಪೆಯಲ್ಲಿ ಕಳಿತ ಗೊಬ್ಬರವಾದರೆ ಗಿಡ ನಳನಳಿಸುತ್ತದೆ. ತೊಟ್ಟಿಯ ನೀರೂ ಹಾಗೆಯೇ ಕಳಿಯಬೇಕು. ಹೊಸ ತೊಟ್ಟಿಯ ಮರಳಿನಲ್ಲಿ, ಶೋಧಕದ ಸ್ಪಂಜಿನಲ್ಲಿ ಈ ಸೂಕ್ಷ್ಮಜೀವಿಗಳು ನೆಲೆಯೂರಿ ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟರೊಳಗೆ ತೊಟ್ಟಿ ತುಂಬ ಮೀನು ಬಿಟ್ಟರೆ ಸಾವು ಖಂಡಿತ. ಹವ್ಯಾಸಿಗಳು ಇದಕ್ಕೆ ‘ಹೊಸ ತೊಟ್ಟಿಯ ಕಾಯಿಲೆ’ ಎನ್ನುತ್ತಾರೆ. ಅಸಲಿಗೆ ಅದು ಕಾಯಿಲೆಯಲ್ಲ, ಅವಸರ.

ಟಿ.ವಿ.ಯಲ್ಲಿ ತೊಟ್ಟಿ ಕೂರಿಸಿ, ನೀರು ತುಂಬಿ, ಮುಂದಿನ ದೃಶ್ಯದಲ್ಲೇ ಮೀನು ಸುರಿಯುವುದನ್ನು ಕಂಡು ಬಲ್ಲವರು ಕೆರಳಿದ್ದು ಇದಕ್ಕೇ. ಕಾರ್ಯಕ್ರಮದ ಪರ ವಹಿಸುವವರ ಉತ್ತರವೂ ಇದೆ. ತೆರೆಯ ಮೇಲೆ ತೋರಿಸದಿದ್ದ ಮಾತ್ರಕ್ಕೆ ಮಾಡಲಿಲ್ಲ ಎಂದಲ್ಲ. ಹಳೆಯ ತೊಟ್ಟಿಯ ಕಲ್ಲು, ಶೋಧಕಗಳನ್ನು ತಂದು ಹಾಕಿದರೆ ಹೊಸ ತೊಟ್ಟಿ ಬೇಗ ಹದಕ್ಕೆ ಬರುತ್ತದೆ, ಬಾಟಲಿಯಲ್ಲಿ ಮಾರುವ ಸೂಕ್ಷ್ಮಜೀವಿಗಳೂ ಇವೆ ಎಂದು. ಮಾತು ನಿಜ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದು. ಆದರೆ ಹೆಪ್ಪು ಹಾಕಿದ ಹಾಲೂ ಮೊಸರಾಗಲು ಒಂದು ರಾತ್ರಿ ಬೇಕಲ್ಲ! ಆ ರಾತ್ರಿಯನ್ನು ತೋರಿಸಲು ಒಂದು ನಿಮಿಷವನ್ನಾದರೂ ಮೀಸಲಿಟ್ಟಿದ್ದರೆ ಸಾಕಿತ್ತು ಎಂಬುದು ಹವ್ಯಾಸಿಗಳ ದೂರು. ಕಾರ್ಖಾನೆಯವರಿಗೆ ತಮ್ಮ ಕಸುಬು ಗೊತ್ತಿರಬಹುದು. ನೋಡಿ ಕಲಿಯುವ ಮನೆಯವರಿಗೆ ಗೊತ್ತಿರುವುದಿಲ್ಲ.

ಇನ್ನೆರಡು ಆಕ್ಷೇಪಗಳೂ ಇದರ ಜೊತೆಗಿವೆ. ಮೊದಲನೆಯದು, ಅನಾವರಣದ ಗಳಿಗೆಗೆ ತೊಟ್ಟಿ ತುಂಬಿದಂತೆ ಕಾಣಬೇಕೆಂದು ಮೀನುಗಳನ್ನು ಕಿಕ್ಕಿರಿಸುವುದು, ಒಟ್ಟಿಗೆ ಬಾಳದ ಜಾತಿಗಳನ್ನು ಒಂದೇ ಕಡೆ ಬಿಡುವುದು. ಎರಡನೆಯದು, ತೊಟ್ಟಿಯ ಆಕಾರ. ಎತ್ತರವಾಗಿ ಕಿರಿದಾಗಿರುವ ಬೂತಿನಂಥ ತೊಟ್ಟಿ ನೋಡುವವರಿಗೆ ಸೊಗಸು. ಮೀನು ಹೆಚ್ಚಾಗಿ ಈಜುವುದು ಅಡ್ಡಕ್ಕೆ, ಉದ್ದಕ್ಕೆ. ಗಾಳಿಯಿಂದ ಆಮ್ಲಜನಕ ನೀರಿಗೆ ಸೇರುವುದೂ ಮೇಲ್ಮೈಯಿಂದ. ಮೇಲ್ಮೈ ಕಿರಿದಾದಷ್ಟೂ ಉಸಿರಿಗೆ ಕಷ್ಟ. ಒಂದೇ ಮಾತಿನಲ್ಲಿ ಹೇಳುವುದಾದರೆ, ಈ ತೊಟ್ಟಿಗಳನ್ನು ಹೊರಗೆ ನಿಂತವರಿಗಾಗಿ ಕಟ್ಟಲಾಗಿದೆ, ಒಳಗಿರುವವರಿಗಾಗಿ ಅಲ್ಲ.

ಹವ್ಯಾಸ ಹುಟ್ಟಿದ್ದು ಸಮತೋಲದಿಂದ

ತಮಾಷೆಯೆಂದರೆ, ಗಾಜಿನ ಮತ್ಸ್ಯಾಲಯದ ಹವ್ಯಾಸ ಹುಟ್ಟಿದ್ದೇ ಈ ಕಾಯುವ ಪಾಠದಿಂದ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1849ರಲ್ಲಿ ಸುಮಾರು 55 ಲೀಟರು ಹಿಡಿಯುವ ಪಾತ್ರೆಯಲ್ಲಿ ಎರಡು ಸಣ್ಣ ಗೋಲ್ಡ್‌ಫಿಶ್‌ಗಳನ್ನೂ ವ್ಯಾಲಿಸ್ನೇರಿಯಾ ಎಂಬ ನೀರುಹುಲ್ಲನ್ನೂ ಇಟ್ಟ. ಸ್ವಲ್ಪ ದಿನಕ್ಕೆ ಹುಲ್ಲಿನ ಎಲೆ ಕೊಳೆತು ನೀರು ಕೆಟ್ಟಿತು. ಕೊಳದ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತ ಎಲೆಯನ್ನು ತಿಂದು ನೀರನ್ನು ತಿಳಿಯಾಗಿಸಿದವು. ಅವುಗಳ ಮೊಟ್ಟೆ, ಮರಿಗಳು ಮೀನಿಗೆ ಆಹಾರವಾದವು. ಪ್ರಾಣಿ, ಸಸ್ಯ, ಕೊಳೆ ತಿನ್ನುವ ಜೀವಿ ಈ ಮೂರೂ ಇದ್ದರೆ ತೊಟ್ಟಿ ತನ್ನನ್ನು ತಾನೇ ನಿಭಾಯಿಸಿಕೊಳ್ಳುತ್ತದೆ ಎಂದು 1850ರಲ್ಲಿ ವರದಿ ಮಾಡಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ‘ದಿ ಅಕ್ವೇರಿಯಂ’ ಪುಸ್ತಕ ಆ ಹೆಸರನ್ನು ಮನೆಮಾತಾಗಿಸಿತು.

ಈ ಹಳೆಯ ದಾರಿಯನ್ನು ನಮ್ಮ ಕಾಲದಲ್ಲಿ ಕಲೆಯ ಮಟ್ಟಕ್ಕೆ ಏರಿಸಿದವನು ಜಪಾನಿನ ತಕಾಷಿ ಅಮಾನೊ. ಛಾಯಾಗ್ರಾಹಕನಾಗಿದ್ದ ಆತ ತೊಟ್ಟಿಯೊಳಗೆ ಹುಲ್ಲುಗಾವಲು, ಕಣಿವೆ, ಕಾಡುಗಳನ್ನು ಬೆಳೆಸಿದ. ಲಿಸ್ಬನ್ನಿನ ಮತ್ಸ್ಯಾಲಯದಲ್ಲಿ ಆತ ರೂಪಿಸಿದ 40 ಮೀಟರ್ ಉದ್ದದ ತೊಟ್ಟಿ 2015ರಲ್ಲಿ ತೆರೆಯಿತು. ಅದೇ ವರ್ಷ ಆತ ತೀರಿಕೊಂಡ. ಇಂಥ ತೊಟ್ಟಿಯಲ್ಲಿ ನೆಟ್ಟ ಗಿಡ ಹಬ್ಬಿ ನೋಟ ಪಕ್ವವಾಗಲು ತಿಂಗಳುಗಳು ಬೇಕು. ಟಿ.ವಿ. ಕಾರ್ಯಕ್ರಮವನ್ನು ಟೀಕಿಸುವ ಹವ್ಯಾಸಿಗಳು ಎದುರು ಉದಾಹರಣೆಯಾಗಿ ಅಮಾನೊನ ಹೆಸರು ಹೇಳುವುದು ಸಹಜ. ಬೆರಗು ಬೇಡವೆಂದು ಅವರು ಹೇಳುತ್ತಿಲ್ಲ. ಬೆರಗು ಬೆಳೆದು ಬರಲಿ ಎನ್ನುತ್ತಾರೆ.

ಗೋಡೆಯಿಲ್ಲದ ಮತ್ಸ್ಯಾಲಯ

ನೋಡುವುದಕ್ಕೆಂದೇ ಮೀನನ್ನು ಪೊರೆಯುವುದು ಕನ್ನಡ ನಾಡಿಗೆ ಪರದೇಶದಿಂದ ಬಂದ ಅಭ್ಯಾಸವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಅದು ಗಾಳ ಹಾಕುವ ರಾಜವಿನೋದದ ವಿಷಯ, ನಿಜ. ಆದರೆ ಮೀನಿನ ಜಾತಿಗಳೇನು, ಯಾವುದಕ್ಕೆ ಯಾವ ಆಹಾರ ಎಂಬ ವಿವರಗಳು ಅದರಲ್ಲಿವೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಅದರ ಬಗ್ಗೆ ಲೇಖನ ಬರೆದು ವಿಜ್ಞಾನಿಗಳ ಗಮನ ಸೆಳೆದರು. ಮೀನನ್ನು ಅರಿಯಬೇಕಾದರೆ ಮೊದಲು ಅದರ ಅಭ್ಯಾಸ ಅರಿಯಬೇಕು ಎಂಬ ತಿಳಿವಳಿಕೆ ಆ ಕಾಲಕ್ಕೇ ಇತ್ತು.

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನುಗಳಿಗೆ ಭಕ್ತರು ಪುರಿ ಎರಚುವುದನ್ನು ನೋಡದವರು ಕಡಿಮೆ. ಇವು ಗೋಡೆಯಿಲ್ಲದ ಮತ್ಸ್ಯಾಲಯಗಳು. ಹೊಳೆಯೇ ನೀರು ಬದಲಿಸುತ್ತದೆ, ದೇವರ ಭಯವೇ ಬಲೆಯನ್ನು ದೂರವಿಡುತ್ತದೆ. ಶಿಶಿಲದ ಹೊಳೆಯ ಹೆಸರೂ ನಮ್ಮ ನಂಜನಗೂಡಿನ ಹೊಳೆಯಂತೆ ಕಪಿಲೆಯೇ. 1996ರಲ್ಲಿ ಅಲ್ಲಿಯ ನೀರಿಗೆ ಯಾರೋ ವಿಷ ಬೆರೆಸಿ ದೇವರ ಮೀನುಗಳು ರಾಶಿ ರಾಶಿಯಾಗಿ ಸತ್ತದ್ದನ್ನು ಆ ಸೀಮೆಯ ಜನ ಇಂದಿಗೂ ಮರೆತಿಲ್ಲ. ಗಾಜಿನ ಮತ್ಸ್ಯಾಲಯವನ್ನು ರಾಜ್ಯದ ಹೆಚ್ಚಿನ ಜನ ಮೊದಲು ಕಂಡದ್ದು ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ 1983ರಲ್ಲಿ ತೆರೆದ ಸರ್ಕಾರಿ ಕಟ್ಟಡದಲ್ಲಿ. 2021ರ ಜುಲೈನಲ್ಲಿ ಬೆಂಗಳೂರಿನ ಮುಖ್ಯ ರೈಲು ನಿಲ್ದಾಣದಲ್ಲೇ ಸುರಂಗದ ಆಕಾರದ ಮತ್ಸ್ಯಾಲಯ ತೆರೆಯಿತು. ಟಿ.ವಿ. ಕಲಿಸಿದ ಬೆರಗಿನ ರುಚಿ ಪ್ಲಾಟ್‌ಫಾರಂವರೆಗೂ ಬಂದಿತು ಎನ್ನೋಣ.

ಹೊಳೆಗೆ ಬಿಟ್ಟ ಮೀನು

ಹಳ್ಳಿಯ ಮಗುವಿಗೆ ಸಿಗುವುದು ಇದಾವುದೂ ಅಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಎರಡು ಗೋಲ್ಡ್‌ಫಿಶ್, ಜೊತೆಗೊಂದು ಗುಂಡು ಗಾಜಿನ ಬಟ್ಟಲು. ಆ ಬಟ್ಟಲಿನಲ್ಲಿ ಶೋಧಕವಿಲ್ಲ, ಮೇಲ್ಮೈ ಕಿರಿದು, ಕೊಳೆ ಕಳಿಯಲು ಜಾಗವಿಲ್ಲ. ನಲ್ಲಿಯ ನೀರಾದರೆ ಕ್ಲೋರಿನ್ ಬೇರೆ. ಹತ್ತು ವರ್ಷಕ್ಕೂ ಹೆಚ್ಚು ಬಾಳಬಲ್ಲ ಮೀನು ಹತ್ತು ದಿನದಲ್ಲಿ ಹೊಟ್ಟೆ ಮೇಲಾಗಿ ತೇಲುತ್ತದೆ. ಮಗು ಅಳುತ್ತದೆ, ಮನೆಯವರು ‘ನಮಗೆ ಮೀನು ಆಗಿಬರುವುದಿಲ್ಲ’ ಎನ್ನುತ್ತಾರೆ. ಇಟಲಿಯ ಮೊನ್ಝಾ ನಗರ 2004ರಲ್ಲೇ ಗುಂಡು ಬಟ್ಟಲುಗಳಲ್ಲಿ ಮೀನು ಇಡುವುದನ್ನು ನಿಷೇಧಿಸಿತು. ನಮ್ಮ ಕೇಂದ್ರ ಸರ್ಕಾರವೂ 2017ರಲ್ಲಿ ಅಲಂಕಾರಿಕ ಮೀನಿನ ಅಂಗಡಿಗಳಿಗೆ ಬಿಗಿ ನಿಯಮ ತಂದಿತು. ವ್ಯಾಪಾರಿಗಳ, ಸಾಕಣೆದಾರರ ವಿರೋಧ ಬಂದು ಅದನ್ನು ಹಿಂದಕ್ಕೆ ಪಡೆಯಿತು. ಕಾನೂನು ಹಿಂದೆ ಸರಿದರೂ ಬಟ್ಟಲಿನ ರಸಾಯನಶಾಸ್ತ್ರ ಹಿಂದೆ ಸರಿಯುವುದಿಲ್ಲ.

ಸಾಯುವ ಮೀನಿನದು ಒಂದು ಕಥೆಯಾದರೆ ಬದುಕುವ ಮೀನಿನದು ಇನ್ನೊಂದು. ಅಂಗಡಿಯಲ್ಲಿ ಬೆರಳುದ್ದವಿದ್ದು, ತೊಟ್ಟಿಯ ಪಾಚಿ ತಿಂದು ಚೊಕ್ಕಟ ಮಾಡುತ್ತದೆ ಎಂದು ಕೊಂಡ ಸಕ್ಕರ್ ಮೀನು ಒಂದೂವರೆ ಅಡಿ ಬೆಳೆಯುತ್ತದೆ. ತೊಟ್ಟಿ ಸಾಲದಾದಾಗ ಕೊಲ್ಲಲು ಮನಸ್ಸು ಬಾರದೆ ಜನ ಅದನ್ನು ಕೆರೆಗೋ ಹೊಳೆಗೋ ಬಿಡುತ್ತಾರೆ. ಪುಣ್ಯದ ಕೆಲಸವೆಂದೇ ತಿಳಿದಿರುತ್ತಾರೆ. ದಕ್ಷಿಣ ಅಮೆರಿಕದ ಈ ಮೀನು ಕೇರಳ, ತಮಿಳುನಾಡು, ಪಶ್ಚಿಮ ಬಂಗಾಳದ ನೀರುಗಳಲ್ಲಿ ಹೀಗೆಯೇ ಬೇರೂರಿ, ಬಲೆ ಹರಿಯುತ್ತ, ದಡದಲ್ಲಿ ಬಿಲ ತೋಡುತ್ತ ಬೆಸ್ತರಿಗೆ ತಲೆನೋವಾಗಿದೆ. 2023ರ ಮೇ ತಿಂಗಳಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಮೆರಿಕದ ಅಲಿಗೇಟರ್ ಗಾರ್ ಮೀನು ಸಿಕ್ಕಿ ವಿಜ್ಞಾನಿಗಳು ಬೆಚ್ಚಿದರು. ಅದು ತಾನಾಗಿ ಈಜಿ ಬಂದಿರಲು ಸಾಧ್ಯವಿಲ್ಲ.

ಕಪಿಲೆಯ ಮಟ್ಟಿಗೆ ಇದು ದೂರದ ಭಯವಲ್ಲ. 2018 ಮತ್ತು 2019ರ ಪ್ರವಾಹಗಳಲ್ಲಿ ನಂಜನಗೂಡಿನ ಸ್ನಾನಘಟ್ಟವೂ ಹದಿನಾರು ಕಾಲು ಮಂಟಪವೂ ಮುಳುಗಿದ್ದನ್ನು ನೋಡಿದವರಿಗೆ ಗೊತ್ತು: ನೆರೆ ಬಂದಾಗ ಕೆರೆಗೂ ಹೊಳೆಗೂ ನಡುವೆ ಗೆರೆ ಇರುವುದಿಲ್ಲ. ಬಿಳಿಗೆರೆ ಸೀಮೆಯ ಕಟ್ಟೆಗೆ ಬಿಟ್ಟ ಮೀನು ತಿರುಮಕೂಡಲಿನ ಸಂಗಮ ಸೇರಿ ಕಾವೇರಿಯ ಮೀನಾಗಲು ಒಂದು ಮಳೆಗಾಲ ಸಾಕು. ಕಾವೇರಿಯೋ ಈಗಾಗಲೇ ದಣಿದಿದೆ. 1952ರಲ್ಲಿ ದೇಶಕ್ಕೆ ತಂದ ತಿಲಾಪಿಯಾ ಇಲ್ಲಿ ಮನೆಮಾಡಿ ಬಹಳ ಕಾಲವಾಯಿತು. ಕಾವೇರಿ ಕಣಿವೆಯಲ್ಲಿ ಮಾತ್ರ ಇರುವ, ಬೆನ್ನುಬ್ಬಿದ ಕಿತ್ತಳೆ ರೆಕ್ಕೆಯ ಮಹಶೀರ್ ಮೀನು 2018ರಲ್ಲಿ ಅತ್ಯಂತ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿ ಸೇರಿತು. ಅದರ ಅವನತಿಗೆ ಒಂದು ಕಾರಣವಾಗಿ ವಿಜ್ಞಾನಿಗಳು ಹೇಳುವುದು, ಬೇರೆ ಕಡೆಯಿಂದ ತಂದು ಕಾವೇರಿಗೆ ಬಿಟ್ಟ ಇನ್ನೊಂದು ಜಾತಿಯ ಮಹಶೀರನ್ನು. ಒಳ್ಳೆಯ ಮನಸ್ಸಿನಿಂದ ಬಿಟ್ಟ ಮೀನೂ ಕೆಡುಕು ಮಾಡಬಲ್ಲದು.

ಹಾಗೆಂದು ಮಗುವಿನ ಕೈಯಿಂದ ಮೀನನ್ನು ಕಸಿಯಬೇಕೆಂದಲ್ಲ. ಬಲ್ಲ ಹವ್ಯಾಸಿಗಳು ಹೇಳುವ ದಾರಿ ಸುಲಭ, ಖರ್ಚೂ ಕಡಿಮೆ. ಬಟ್ಟಲಿನ ಬದಲು ಅಗಲ ಬಾಯಿಯ ತೊಟ್ಟಿ. ತಳಕ್ಕೆ ತೊಳೆದ ಮರಳು, ಒಂದಿಷ್ಟು ನೀರುಗಿಡ. ಮೊದಲ ವಾರಗಳಲ್ಲಿ ಒಂದೆರಡು ಚಿಟಿಕೆ ಮೀನಿನ ಆಹಾರ ಮಾತ್ರ ಹಾಕಿ, ಮೀನಿಲ್ಲದೆ ನೀರನ್ನು ಕಳಿಸುವುದು. ಬಲ್ಲವರ ಹಳೆಯ ತೊಟ್ಟಿಯ ಸ್ಪಂಜಿನ ಚೂರು ಸಿಕ್ಕರೆ ಹೆಪ್ಪಾಯಿತು. ನೀರನ್ನು ಪರೀಕ್ಷಿಸಿ ಅಮೋನಿಯಾ ಇಳಿದಿದೆ ಎಂದು ತಿಳಿದ ಮೇಲೆ ಒಂದೆರಡು ಸಣ್ಣ ಮೀನು. ಅವು ಹೊಂದಿಕೊಂಡ ಮೇಲೆ ಇನ್ನೆರಡು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲು. ಬೇಡವಾದ ಮೀನನ್ನು ಅಂಗಡಿಗೋ ಇನ್ನೊಬ್ಬ ಹವ್ಯಾಸಿಗೋ ಕೊಡಬೇಕೇ ಹೊರತು ಕೆರೆಗಲ್ಲ.

ಕಾವೇರಿ ಕಣಿವೆಯಲ್ಲಿ ಕಪ್ಪು ಪಟ್ಟೆಯ, ಚಂದದ ಒಂದು ಸಣ್ಣ ಮೀನಿದೆ. 1849ರಲ್ಲಿ ಥಾಮಸ್ ಜೆರ್ಡನ್ ಅದನ್ನು ಶಾಸ್ತ್ರಕ್ಕೆ ಪರಿಚಯಿಸಿದಾಗ, ಇಲ್ಲಿಯ ಜನ ಕರೆಯುತ್ತಿದ್ದ ‘ಅರುಳಿ’ ಎಂಬ ಹೆಸರನ್ನೇ ಲ್ಯಾಟಿನ್‌ಗೆ ಒಗ್ಗಿಸಿ ಅರುಲಿಯಸ್ ಎಂದ. ದೂರದ ಯೂರೋಪಿನ ಹವ್ಯಾಸಿಗಳು ಈ ಕನ್ನಡದ ಹೆಸರಿನ ಮೀನನ್ನು ತಮ್ಮ ತೊಟ್ಟಿಗಳಲ್ಲಿ ಮುತುವರ್ಜಿಯಿಂದ ಸಾಕುತ್ತಾರೆ. ಅದರ ತವರಿನಲ್ಲಿ ನಾವು ಲಾಸ್ ವೇಗಾಸಿನ ತೊಟ್ಟಿಯನ್ನು ನೋಡಿ ಬೆರಗಾಗುತ್ತೇವೆ. ಬೆರಗಾಗುವುದು ತಪ್ಪಲ್ಲ. ಆದರೆ ಪರದೆ ಸರಿದು ಚಪ್ಪಾಳೆ ಬಿದ್ದ ಮೇಲೆ, ಆರು ವಾರದ ನಂತರ ಆ ಮೀನುಗಳು ಏನಾದವು ಎಂದು ಕೇಳುವ ಅಭ್ಯಾಸ ನಮಗಿರಬೇಕು. ಕೆರೆಯ ಹೆಸರಿಟ್ಟುಕೊಂಡ ಊರುಗಳ ಜನಕ್ಕೆ ಆ ಪ್ರಶ್ನೆ ಹೊಸದಾಗಿ ಕಲಿಸಬೇಕಾದದ್ದೇನಲ್ಲ.